ಟೇಲರ್ ಮಾಸ್ತರರು ಹೊಲಿದಿಟ್ಟ ಹಾಳೆಗಳು

ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಒಮ್ಮೆ ಕಾಗದಕ್ಕೆ ಹತ್ತಿದರೆ ಇಪ್ಪತ್ತು ವರ್ಷವಾದರೂ ಬಿಡುವುದಿಲ್ಲ. ಹೋದ ವಾರ ನನ್ನ ಅಂಗಡಿಯ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದಾಗ ಅದು ಗೊತ್ತಾಯಿತು. ನಾನು ಶಿರಸಿಯಲ್ಲಿ ಹಳೆ ಸಾಮಾನು ಕೊಂಡು ಮಾರುವವನು. ಹುಬ್ಬಳ್ಳಿಯ ಗಿರಾಕಿಯೊಬ್ಬ, ಹಳೆಯ ಇಂಗ್ಲಿಷ್ ಆಟದ ಮ್ಯಾಗಜಿನ್ ಇದ್ದರೆ ಕೇಳಿದಷ್ಟು ಕೊಡುತ್ತೇನೆ ಎಂದಿದ್ದ. ಕೊಳ್ಳುವವನು ಹಾಗೆ ಮೊದಲೇ ಬಾಯಿ ಬಿಡಬಾರದು, ನೆನಪಿಡಿ. ಪೆಟ್ಟಿಗೆಯ ತಳದಲ್ಲಿ ಒಂದೇ ಒಂದು ಸಂಚಿಕೆ ಉಳಿದಿತ್ತು. ಮುಖಪುಟದ ಮೇಲೆ ರೆಕ್ಕೆ ಬಿಚ್ಚಿದ ಡ್ರ್ಯಾಗನ್. ನಡುವಿನ ಹತ್ತು ಹನ್ನೆರಡು ಹಾಳೆಗಳನ್ನು ಒಟ್ಟು ಸೇರಿಸಿ ನೀಲಿ ದಾರದಲ್ಲಿ ಹೊಲಿದಿತ್ತು...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊದಲ ಮಳಿಗೆ ಹಿಡಿದಾಗ ಪಕ್ಕದ ಮಳಿಗೆ ಟೇಲರ್ ಮಾಸ್ತರರದು. ಹಾವೇರಿ ಕಡೆಯಿಂದ ಬಂದು ನೆಲೆಸಿದ ಮನೆತನ. ಮಾತಿನಲ್ಲಿ ಆ ಕಡೆಯ ಧಾಟಿ ಹಾಗೇ ಇತ್ತು. ಬಟ್ಟೆಯ ಅಳತೆಯ ನಮೂನೆ ಕತ್ತರಿಸಲು ಅವರು ಹುಬ್ಬಳ್ಳಿಯಿಂದ ರದ್ದಿ ಪೇಪರ್ ತರಿಸುತ್ತಿದ್ದರು. ಒಂದು ಸಲ ಆ ಕಟ್ಟಿನೊಳಗೆ, ಆಮೇಲೆ ಆಗಾಗ, ಈ ಮ್ಯಾಗಜಿನ್‌ಗಳು ಬಂದವು. ನುಣುಪು ಕಾಗದ, ನಮೂನೆಗೆ ಬಾರದ ಅಳತೆ. ನಾನಾಗಿದ್ದರೆ ಅಂದೇ ಸಾಗಹಾಕುತ್ತಿದ್ದೆ. ಮಾಸ್ತರರು ಡಿಕ್ಷನರಿ ತಂದು ಓದಲು ಕೂತರು.

ಅವುಗಳಲ್ಲಿದ್ದ ಆಟದ ಬಗೆ ಇಷ್ಟೇ. ಒಬ್ಬರು, ನಮ್ಮಲ್ಲಿ ಮಾಸ್ತರರು, ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಎದುರು ಬಂದದ್ದಕ್ಕೆ ಏನು ಮಾಡುತ್ತೇವೆಂದು ಹೇಳುತ್ತಾರೆ. ಗೆಲುವು ಸೋಲನ್ನು ದಾಳ ಹೇಳುತ್ತದೆ. ಇಪ್ಪತ್ತು ಮುಖದ ದಾಳ ಶಿರಸಿಯಲ್ಲಿ ಎಲ್ಲಿ ಸಿಗಬೇಕು? ಮಾಸ್ತರರು ಇಪ್ಪತ್ತು ಕೋಟಿನ ಗುಂಡಿಗಳ ಮೇಲೆ ಅಂಕಿ ಬರೆದು ಪೌಡರ್ ಡಬ್ಬಿಗೆ ಹಾಕಿದರು. ಕಣ್ಣು ಮುಚ್ಚಿ ಒಂದು ಎತ್ತಬೇಕು; ಅಂಕಿ ದೊಡ್ಡದಾದಷ್ಟು ಅದೃಷ್ಟ. ಅಂಗಡಿಗೆ ರಜೆಯಿರುವ ದಿನ ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ನಾವು ನಾಲ್ವರು: ಮಾಸ್ತರರು, ನಾನು, ಆಸ್ಪತ್ರೆಯ ಸಿಸ್ಟರ್ ಒಬ್ಬರು, ಹತ್ತಿರದ ಮತ್ತಿಘಟ್ಟದಿಂದ ಬರುತ್ತಿದ್ದ, ನಾವೆಲ್ಲ ಭಾವ ಎಂದೇ ಕರೆಯುತ್ತಿದ್ದ ಹಿರಿಯರು.

ಪ್ರತಿ ಸಂಚಿಕೆಯ ನಡುವೆ ಒಂದು ಸಿದ್ಧ ಕಥೆ ಇರುತ್ತಿತ್ತು, ಚೌಕಳಿ ನಕ್ಷೆಯ ಸಮೇತ. ಅದನ್ನು ಕಥೆ ನಡೆಸುವವರು ಮಾತ್ರ ಓದಬೇಕು. ಆದರೆ ಉಳಿದ ಪುಟಗಳ ಮೇಲೆ ನಮಗೆಲ್ಲ ಆಸೆ. ಹರಳಿನ ಬಣ್ಣದ ದಾಳಗಳ ಜಾಹೀರಾತು, ಯಾವುದೋ ದೇಶದ ಓದುಗರು ನಿಯಮಗಳ ಬಗ್ಗೆ ಜಗಳಾಡಿ ಬರೆದ ಪತ್ರಗಳು... ರದ್ದಿಯಲ್ಲಿ ಬಂದದ್ದಾದ್ದರಿಂದ ಡಿಸೆಂಬರ್ ಸಂಚಿಕೆ ಮೊದಲು, ಮಾರ್ಚಿನದು ಆಮೇಲೆ. ಜಗಳದ ಉತ್ತರ ಮೊದಲು ಓದಿ, ಜಗಳ ಏನಿತ್ತೆಂದು ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಈ ಆಸೆ ನೋಡಿಯೇ ಮಾಸ್ತರರು ಕಥೆಯ ಹಾಳೆಗಳನ್ನಷ್ಟೇ ಶಾಲೆ ಯೂನಿಫಾರ್ಮಿನ ನೀಲಿ ದಾರದಲ್ಲಿ ಹೊಲಿದು, ಮ್ಯಾಗಜಿನ್ ಮನೆಗೆ ಕೊಡುತ್ತಿದ್ದರು.

“ಹೊರಗಿಂದು ಓದ್ರಿ. ಒಳಗಿಂದು ಆಡೂಣು,” ಎನ್ನುತ್ತಿದ್ದರು.

ನನ್ನ ಪಾತ್ರ ಒಬ್ಬ ಊರೂರು ತಿರುಗುವ ವ್ಯಾಪಾರಿ. ಉಳಿದವರು ಮೂರು ನಾಲ್ಕು ಸಲ ಸತ್ತು ಹೊಸ ಪಾತ್ರ ಹಿಡಿದಿದ್ದರು. ನನ್ನವನು ಎರಡು ವರ್ಷ ಚೌಕಾಸಿ ಮಾಡಿಕೊಂಡೇ ಬದುಕಿದ್ದ. ಒಂದು ಆಟದಲ್ಲಿ ಅವನಿಗೆ ವಿಷದ ಬಾಣ ತಾಗಿತು. ಇನ್ನೊಂದು ಪೆಟ್ಟು ಬಿದ್ದರೆ ಮುಗಿಯಿತು. ಮುಂದಿನ ಕಥೆಯ ಸಂಚಿಕೆ ನನ್ನ ಮನೆಯಲ್ಲೇ ಇತ್ತು. ಬ್ಲೇಡಿನ ಮೂಲೆಯಿಂದ ಹೊಲಿಗೆ ಬಿಚ್ಚಿದೆ, ತಿಳಿದಷ್ಟು ಓದಿದೆ, ಅದೇ ದಾರವನ್ನು ಅದೇ ತೂತುಗಳಲ್ಲಿ ಪೋಣಿಸಿ ತುದಿಗೆ ಗಂಟು ಹಾಕಿದೆ. ದೇವರಿಗೂ ಗೊತ್ತಾಗಬಾರದು ಎಂದುಕೊಂಡೆ.

ಆಟದಲ್ಲಿ ಪಾಳುಬಾವಿ ಬಂತು. ತಳದಲ್ಲಿ ನಿಧಿ, ಮೂರನೆಯ ಮೆಟ್ಟಿಲು ಪೊಳ್ಳು ಎಂದು ನನಗೆ ಗೊತ್ತಿತ್ತು.

“ಭಾವ, ನೀವು ಹಿರೇರು. ಮುಂದೆ ನಡೀರಿ,” ಎಂದೆ.

ಭಾವ ಡಬ್ಬಿಗೆ ಕೈ ಹಾಕಿದರು. ಎರಡು ಎಂದು ಬರೆದ ಗುಂಡಿ ಬಂತು. ಮೆಟ್ಟಿಲು ಕುಸಿಯಿತು.

“ಎಂತ ತಮಾ, ನಿನ್ನ ಮಾತು ಕೇಳಿ ಆನು ಸತ್ತೇ ಹೋದ್ನಾ!”

“ನಂಗೊಂದು ಮಾತು ಕೇಳಿದ್ರೆ ಸಲೈನ್ ಆದ್ರೂ ಹಾಕ್ತಿದ್ದೆ ಭಾವ,” ಎಂದರು ಸಿಸ್ಟರ್. ಎಲ್ಲರೂ ನಕ್ಕರು. ನನ್ನ ವ್ಯಾಪಾರಿ ಆ ಮೆಟ್ಟಿಲು ದಾಟಿ ಇಳಿದು ನಿಧಿ ತಂದ. ಶಭಾಸ್ ಎಂದವರೇ ಎಲ್ಲ.

ಮಾಸ್ತರರು ಆಟದ ಮೊದಲು ಹೊಲಿಗೆ ಬಿಚ್ಚುವಾಗ ತೆಗೆದಿಟ್ಟಿದ್ದ ದಾರವನ್ನು ಮೇಜಿನ ಮೇಲಿಂದ ಎತ್ತಿ, ತುದಿಯ ಗಂಟನ್ನು ಹೆಬ್ಬೆರಳಲ್ಲಿ ಸವರಿದರು. ಅವರ ಹೊಲಿಗೆಗೆ ಗಂಟೇ ಇರುತ್ತಿರಲಿಲ್ಲ. ಎರಡು ಹೊಲಿಗೆ ಹಿಂದಕ್ಕೆ ಹಾಕಿ ಮುಗಿಸುತ್ತಿದ್ದರು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ್ದರೂ ನನಗೆ ಅದು ಹೊಳೆದಿರಲಿಲ್ಲ.

“ಸಾವ್ಕಾರ್ರ, ನೀವು ಸೂಜಿ ಹಿಡಿಯೋದು ಕಲೀಬೇಕ್ರಿ,” ಎಂದರು. ಅಷ್ಟೇ. ಉಳಿದಿಬ್ಬರಿಗೆ ಅರ್ಥವಾಗಲಿಲ್ಲ.

ಮತ್ತೆ ನನ್ನನ್ನು ಕರೆಯುವುದಿಲ್ಲ ಎಂದುಕೊಂಡೆ. ಮೂರನೆಯ ದಿನ ಅವರೇ ಮಳಿಗೆಗೆ ಬಂದರು, ಕೈಯಲ್ಲಿ ಡ್ರ್ಯಾಗನ್ ಮುಖಪುಟದ ಸಂಚಿಕೆ, ಹೊಲಿದದ್ದು.

“ಹಬ್ಬದ ಹೊಲಿಗಿ ಮುಗಿದ ಮ್ಯಾಲೆ ಇದನ್ನ ಆಡೂಣು. ಅಲ್ಲೀತನಕ ನಿಮ್ಮ ಕಡೆ ಇರ್ಲಿ. ನಮ್ಮನ್ಯಾಗ ಹುಡುಗ್ರು ಬಿಚ್ಚತಾವ.”

ನನ್ನ ಕಡೆ ಭದ್ರ ಎಂಬ ಹಾಗೆ... ಬೈದಿದ್ದರೆ ಏನಾದರೂ ಉತ್ತರ ಹೇಳಿ ಪಾರಾಗುತ್ತಿದ್ದೆ. ಮಾತಿನಲ್ಲಿ ನನ್ನನ್ನು ಸೋಲಿಸಿದವರು ಪೇಟೆಯಲ್ಲಿ ಕಡಿಮೆ.

ಹಬ್ಬ ಮುಗಿಯುವ ಮೊದಲೇ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಬಂದ ಮೇಲೆ ಎಲ್ಲ ಒಪ್ಪಿಕೊಳ್ಳೋಣ ಎಂದಿದ್ದೆ. ಬರಲಿಲ್ಲ. ಸರಕು ಹಿಡಿದಿಟ್ಟರೆ ಕೆಲವೊಮ್ಮೆ ಬೆಲೆ ಏರುತ್ತದೆ. ಹೇಳಬೇಕಾದ ಮಾತನ್ನು ಹಿಡಿದಿಟ್ಟರೆ ಹಾಗಾಗುವುದಿಲ್ಲ. ಈ ಬುದ್ಧಿಮಾತನ್ನು ಪುಕ್ಕಟೆ ತೆಗೆದುಕೊಳ್ಳಿ. ಭಾವನಿಗೆ ಮಾತ್ರ ಮುಂದೊಮ್ಮೆ ಹೇಳಿದೆ. “ಅಂತೂ ಕೊಂದಂವ ನೀನೇಯ!” ಎಂದು ನಕ್ಕರು.

ಉಳಿದ ಸಂಚಿಕೆಗಳು ಮಾಸ್ತರರ ಅಂಗಡಿ ಖಾಲಿ ಮಾಡುವಾಗ ರದ್ದಿಗೇ ಹೋದವಂತೆ. ಆಗ ನಾನು ಊರಲ್ಲಿರಲಿಲ್ಲ.

ಹುಬ್ಬಳ್ಳಿಯ ಗಿರಾಕಿ ಮೊನ್ನೆ ಬಂದ. ಒಳಗಿನ ಪುಟಗಳು ಸರಿ ಇವೆಯೇ, ಬಿಚ್ಚಿ ತೋರಿಸಿ ಎಂದ. ಮಾರುವುದಿಲ್ಲ ಎಂದೆ. ಬೆಲೆ ಏರಿಸಲು ಹಾಗೆನ್ನುತ್ತೇನೆಂದು ಅವನು ಇನ್ನೂ ನಂಬಿದ್ದಾನೆ, ಫೋನ್ ಮಾಡುತ್ತಲೇ ಇದ್ದಾನೆ.

ಅವನು ಹೋದ ಮೇಲೆ ನೋಡಿದರೆ ದಾರ ಹಳತಾಗಿ ಒಂದು ಕಡೆ ಹರಿದಿತ್ತು. ಹಾಳೆಗಳು ಬಾಯಿ ಬಿಟ್ಟು, ನಕ್ಷೆಯ ಒಂದು ಮೂಲೆ ಕಾಣುತ್ತಿತ್ತು. ಮುಖ ಆಚೆ ತಿರುಗಿಸಿದೆ. ಮೂರು ಅಂಗಡಿ ಸುತ್ತಿ ಅದೇ ನೀಲಿ ದಾರ ತಂದು, ಕನ್ನಡಕ ಹಾಕಿಕೊಂಡು, ಹಳೆಯ ತೂತುಗಳಲ್ಲೇ ಹೊಲಿದೆ. ಗಂಟಿಲ್ಲದೆ ಮುಗಿಸಲು ನಾಲ್ಕು ಸಲ ನೋಡಿದೆ. ಪ್ರತಿ ಸಲವೂ ಬಿಚ್ಚಿಕೊಂಡಿತು. ಕೊನೆಗೆ ಗಂಟು ಹಾಕಿದೆ.