ಕತ್ತಲೆ ಸಿನಿಮಾಗಳ ಬಗ್ಗೆ ಅಕ್ಕನ ಅಭಿಪ್ರಾಯ

ಸಿನಿಮಾ ವಿಷಯದಲ್ಲಿ ನನ್ನ ನಾಲಿಗೆ ಸ್ವಲ್ಪ ಉದ್ದ. ಹೂಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಇನ್ನಷ್ಟು ಉದ್ದವಾಗಿದೆ ಎಂದು ಹೆಂಡತಿಯ ದೂರು. ವಾರಕ್ಕೊಂದು ಸಿನಿಮಾ ನೋಡುವುದು, ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆಯುವುದು, ಒಪ್ಪದವರ ಜೊತೆ ಎರಡು ದಿನ ಜಗಳವಾಡುವುದು, ಇದು ನನ್ನ ದಿನಚರಿ.

ಜೊತೆಗೆ ಬರುವವಳು ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಮಂಡಿ ಮೊಹಲ್ಲಾದಲ್ಲಿ ಮಗನ ಮನೆಯಲ್ಲಿದ್ದಾಳೆ. ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿಲ್ಲ. ಬುಧವಾರ ಮಧ್ಯಾಹ್ನ ದಟ್ಟಗಳ್ಳಿಯಿಂದ ಸ್ಕೂಟರಿನಲ್ಲಿ ಹೋಗಿ ಅವಳನ್ನು ಹತ್ತಿಸಿಕೊಂಡು ಮ್ಯಾಟಿನಿಗೆ ಹೋಗುತ್ತೇನೆ. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡಿನ ಮುಂದೆಯೇ ಅವಳ ಬ್ಯಾಗಿನ ತಳದಲ್ಲಿ ಕೋಡುಬಳೆ ಒಳಗೆ ಹೋಗುತ್ತದೆ. ಸಿನಿಮಾ ನಡೆಯುವಾಗ ನಾನು ಬಾಯಿ ಬಿಡಬಾರದು ಎಂಬುದು ಅವಳ ಕಾನೂನು. ಕೊಲೆಗಾರ ಇವನೇ ಎಂದು ಪಿಸುಗುಟ್ಟಿದರೆ ಕತ್ತಲಲ್ಲೇ ನನ್ನ ಮಣಿಕಟ್ಟು ಹುಡುಕಿ ಚಿವುಟುತ್ತಾಳೆ.

ಈ ವರ್ಷದ ಥ್ರಿಲ್ಲರುಗಳಲ್ಲಿ ಒಂದರ ಮಾತು ಹೇಳುತ್ತೇನೆ. ಅಮಾನತಾದ ಪೊಲೀಸ್ ಅಧಿಕಾರಿ, ಗಡ್ಡ, ಸಿಗರೇಟು, ಗೋಡೆಯ ಮೇಲೆ ಸತ್ತ ಹೆಂಡತಿಯ ಫೋಟೊ. ಇಷ್ಟೆಲ್ಲ ಕೊಟ್ಟ ಮೇಲೆ ಕಥೆ ಬೇರೆ ಯಾಕೆ ಎಂದು ನಿರ್ದೇಶಕನಿಗೆ ಅನ್ನಿಸಿರಬೇಕು. ಮೆತ್ತಗೆ ಮಾತಾಡುವ ಡಾಕ್ಟರೇ ಕೊಲೆಗಾರ ಎಂದು ನನಗೆ ಇಂಟರ್‌ವಲ್‌ಗೆ ಮೊದಲೇ ಗೊತ್ತಾಯಿತು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

ವಾಪಸು ಬರುವಾಗ ಅಕ್ಕ ಹಿಂದಿನಿಂದ, "ಈಗಿನ ಸಿನಿಮಾ ಎಲ್ಲಾ ಕತ್ಲೆ ಕಣೋ. ಯಾರು ಯಾರಿಗೆ ಹೊಡೀತಿದಾರೆ ಅಂತಾನೇ ಗೊತ್ತಾಗಲ್ಲ. ಒಂದು ಲೈಟ್ ಹಾಕೋಕೆ ಏನಾಗಿತ್ತು ಇವ್ರಿಗೆ?" ಅಂದಳು.

ಆ ಮಾತು ನನಗೆ ಬಹಳ ಹಿಡಿಸಿತು. ಮನೆಗೆ ಬಂದವನೇ, ಇಂದಿನ ಛಾಯಾಗ್ರಾಹಕರು ಕತ್ತಲೆಯನ್ನೇ ಕಲೆ ಎಂದುಕೊಂಡಿದ್ದಾರೆ ಎಂದು ನನ್ನದೇ ಅಭಿಪ್ರಾಯವೆಂಬಂತೆ ಬರೆದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಆಮೇಲೆ ಅಕ್ಕ ವಾರವಾರವೂ ಅದನ್ನೇ ಹೇಳಿದಳು, ನಾನು ಬೇರೆ ಬೇರೆ ಮಾತಿನಲ್ಲಿ ಬರೆಯುತ್ತಲೇ ಹೋದೆ. ಹಾಡುಹಗಲಿನಲ್ಲೇ ನಡೆಯುವ ಒಂದು ಸಿನಿಮಾಕ್ಕೂ ಅವಳು ಅದನ್ನೇ ಅಂದಾಗಲೂ ನನಗೆ ಹೊಳೆಯಲಿಲ್ಲ. ಮನೆಯ ಟಿವಿಯಲ್ಲಿ ಒಳ್ಳೆಯದೊಂದು ಮಲಯಾಳಂ ಥ್ರಿಲ್ಲರ್ ಹಾಕಿದರೆ, ಮೊದಲೆಲ್ಲ ಕೆಳಗೆ ಬರುವ ಅಕ್ಷರ ಓದುತ್ತಾ ಕೂರುತ್ತಿದ್ದವಳು, "ಇದು ನಂಗೆ ಸೇರಲ್ಲ" ಎಂದು ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋದಳು. ವಯಸ್ಸಾಯಿತು, ರುಚಿ ಕೆಟ್ಟಿತು ಅಂದುಕೊಂಡೆ. ಬೆರಳು ನೋವು ಎಂದು ಕುಚ್ಚು ಕಟ್ಟುವುದನ್ನು ಬಿಟ್ಟಾಗ ಅದನ್ನೂ ನಂಬಿದೆ.

ಆಮೇಲೆ ಬಂದದ್ದು ಆ ಹಾರರ್ ಕಾಮಿಡಿ. ಛತ್ರದಲ್ಲಿ ಮದುವೆಯೂಟಕ್ಕೆ ಕಾದು ಕಾದು ಎಲೆ ಸಿಗದೆ ಸತ್ತ ಮುದುಕಿಯೊಬ್ಬಳು ಪ್ರತಿ ಮದುವೆಯಲ್ಲೂ ಪಂಕ್ತಿಯಲ್ಲಿ ಬಂದು ಕೂರುತ್ತಾಳೆ, ಸಾರಿಗೆ ಉಪ್ಪು ಕಮ್ಮಿ ಎಂದು ಬಡಿಸುವವರ ಮೇಲೆ ರೇಗುತ್ತಾಳೆ. ಮೊದಲರ್ಧ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎರಡನೆಯ ಅರ್ಧದಲ್ಲಿ ದೆವ್ವಕ್ಕೊಂದು ಫ್ಲ್ಯಾಷ್‌ಬ್ಯಾಕ್ ಕೊಟ್ಟು ಕೆಡಿಸಿದರು. ದೆವ್ವ ಅಳಲು ಶುರುಮಾಡಿದರೆ ನಗುವೂ ಹೋಗುತ್ತದೆ, ಭಯವೂ ಹೋಗುತ್ತದೆ. ಆದರೂ ಒಂದು ದೃಶ್ಯಕ್ಕೆ ಪೂರ್ತಿ ಅಂಕ ಕೊಡಬೇಕು. ಮದುಮಗ ಕನ್ನಡಿಯ ಮುಂದೆ ಪೇಟ ಸರಿಮಾಡಿಕೊಳ್ಳುತ್ತಿದ್ದಾನೆ. ಸಂಗೀತವಿಲ್ಲ, ಒಂದು ಸದ್ದೂ ಇಲ್ಲ. ಕನ್ನಡಿಯೊಳಗೆ ಅವನ ಹೆಗಲ ಹಿಂದೆ ಮುದುಕಿ ನಿಂತಿದ್ದಾಳೆ. ಇಡೀ ಚಿತ್ರಮಂದಿರ ಕಿರುಚಿತು, ನಾನೂ ಕಿರುಚಿದೆ. ಅಕ್ಕ ಮಾತ್ರ ಕೋಡುಬಳೆ ಮುರಿಯುತ್ತಾ ಕೂತಿದ್ದಳು.

ಪಾರ್ಕಿಂಗಿನಲ್ಲಿ, "ನಿನ್ನ ಗುಂಡಿಗೆ ಗಟ್ಟಿ ಕಣಕ್ಕ, ಆ ಮುದುಕಿ ನೋಡಿ ನಾನೇ ಕಿರುಚ್ಬುಟ್ಟೆ," ಅಂದೆ.

"ಯಾವ ಮುದುಕಿ?"

"ಕನ್ನಡೀಲಿ ಬಂದ್ಲಲ್ಲ."

ಅಕ್ಕ ಸ್ಕೂಟರಿನ ಸೀಟನ್ನು ತಡವಿ ಹಿಡಿದುಕೊಂಡಳು. ಆಮೇಲೆ, "ಕಣ್ಣಿನ ನಡೂಮಧ್ಯ ಮಬ್ಬು ಕೂತ್ಬುಟ್ಟಿದೆ ಕಣೋ. ಅಕ್ಕಪಕ್ಕ ಕಾಣುತ್ತೆ, ನೆಟ್ಟಗೆ ನೋಡಿದ್ದು ಕಾಣಲ್ಲ. ಈಗ ನಿನ್ನ ಕಿವಿ ಕಾಣ್ತಿದೆ, ಮುಖ ಇಲ್ಲ," ಅಂದಳು.

ನನಗೆ ಕೋಪ ಬಂತು. "ಯಾಕೆ ಹೇಳ್ಲಿಲ್ಲ?" ಎಂದು ಜನರ ಮಧ್ಯೆಯೇ ಕೂಗಿದೆ.

"ಮೊದ್ಮೊದ್ಲು ಸಿನಿಮಾನೇ ಹಂಗೆ ಅಂದ್ಕೊಂಡಿದ್ದೆ. ಎಲ್ಲಾ ಕತ್ಲೆ ಅಂದೆ, ನೀನೂ ಹೌದು ಅಂದೆ. ಗೊತ್ತಾದ್ಮೇಲೆ, ಹೇಳಿದ್ರೆ ಬುಧವಾರ ನಿಂತೋಗುತ್ತೆ ಅಂತ ಸುಮ್ನಾದೆ."

ಕಣ್ಣಿನ ಡಾಕ್ಟರು ಇನ್ನೂ ಮುಂಚೆ ಬರಬೇಕಿತ್ತು ಅಂದರು. ಹೋದ ದೃಷ್ಟಿ ಬರುವುದಿಲ್ಲ, ಇಂಜೆಕ್ಷನ್ನಿನಿಂದ ಉಳಿದದ್ದನ್ನು ಕಾಪಾಡಲು ನೋಡಬಹುದು. ಆ ದಿನ ಮನೆಗೆ ಬಂದು ಕತ್ತಲೆಯ ಬಗ್ಗೆ ನಾನು ಬರೆದದ್ದನ್ನೆಲ್ಲ ಒಂದೊಂದಾಗಿ ಓದಿದೆ. ಆರು ತಿಂಗಳಿನಷ್ಟು ಇತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಕ್ಕನ ಕಾಯಿಲೆಯನ್ನು ವಿಮರ್ಶೆಯೆಂದು ಹಂಚಿ ಶಭಾಷ್‌ಗಿರಿ ತೆಗೆದುಕೊಂಡಿದ್ದೆ.

ಎರಡನೆಯ ಇಂಜೆಕ್ಷನ್ ಆದ ಮೇಲಿನ ಬುಧವಾರ ಅಕ್ಕನೇ ಫೋನ್ ಮಾಡಿದಳು. "ಬರಲ್ವೇನೋ? ಕೋಡುಬಳೆ ಮಾಡಿದೀನಿ."

ಕೊನೆಯ ಸಾಲಿನ ಮೂಲೆಯಲ್ಲಿ ಕೂತೆವು. ಮತ್ತೊಂದು ಥ್ರಿಲ್ಲರ್. ಗೋದಾಮಿನಲ್ಲಿ ಒಬ್ಬ ಇನ್ನೊಬ್ಬನನ್ನು ಹುಡುಕುತ್ತಿದ್ದಾನೆ, ಮಾತಿಲ್ಲ, ಹೆಜ್ಜೆ ಸಪ್ಪಳ ಅಷ್ಟೆ. ಅಭ್ಯಾಸಬಲದಿಂದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಕ್ಕನ ಕೈ ನನ್ನ ಮಣಿಕಟ್ಟು ಹುಡುಕಿಕೊಂಡು ಬಂತು. ಮಾತಾಡದಿದ್ದರೂ ಚಿವುಟುತ್ತಾಳಲ್ಲ ಎಂದು ಕೈ ಬಿಗಿಮಾಡಿದೆ.

ಅವಳು ಚಿವುಟಲಿಲ್ಲ. "ಏನಾಗ್ತಿದೆ, ಹೇಳೋ," ಅಂದಳು.

ಅವಳ ಕಿವಿಯ ಹತ್ತಿರ ಬಾಗಿ ಹೇಳತೊಡಗಿದೆ. ಮೂಟೆಗಳ ಸಾಲು, ಅರ್ಧ ತೆರೆದ ಶಟರು, ಅದರ ಕೆಳಗೆ ಎರಡು ಶೂ. ಮುಂದಿನ ಸಾಲಿನವರು ತಿರುಗಿ ಶ್ ಅಂದರು. ಅಕ್ಕ ಅವರಿಗೆ, "ನೀವು ನೋಡಿ ಸ್ವಾಮಿ, ನಾನು ಕೇಳ್ತಿದೀನಿ," ಅಂದಳು. ನನಗೆ ಉತ್ಸಾಹ ಬಂದು, "ಆ ಶೂ ಮ್ಯಾನೇಜರ್‌ದು ಅಕ್ಕ, ಅವನೇ ಕೊಲೆಗಾರ," ಎಂದುಬಿಟ್ಟೆ.

ಆಗ ಚಿವುಟಿದಳು, ಚೆನ್ನಾಗಿ. "ಕಂಡಿದ್ದಷ್ಟು ಹೇಳು. ಕೊಲೆಗಾರ ಯಾರು ಅಂತ ನಾನು ಹೇಳ್ತೀನಿ."