‘ಅಂತೆ’ ಎಲ್ಲಿ ಬಿತ್ತು?

ನರ್ಸಮ್ಮನವರ ಬಲಗೈ ತೋರುಬೆರಳು ಮೊದಲ ಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಯಾವುದೋ ಕಾಲದಲ್ಲಿ ಆಸ್ಪತ್ರೆಯ ಬಾಗಿಲಿಗೆ ಸಿಕ್ಕಿ ಮುರಿದದ್ದು. ಅವರು ನನ್ನತ್ತ ಬೆರಳು ತೋರಿಸಿದರೆ ಅದು ನನ್ನ ಪಕ್ಕದಲ್ಲಿ ನಿಂತವರನ್ನು ತೋರಿಸುತ್ತಿತ್ತು. “ಅದಕ್ಕೇ ನಾನು ಯಾರ ಮೇಲೂ ಬೆರಳು ತೋರ್ಸೋಕೆ ಹೋಗಲ್ಲ ಕಣ್ರೀ, ಗುರಿ ತಪ್ಪುತ್ತೆ” ಎಂದು ತಾವೇ ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಾನು ಮದುವೆಯಾಗಿ ಧಾರವಾಡದಿಂದ ಬಂದು ಕೊಡಿಗೇಹಳ್ಳಿಯ ಒಂದು ವಠಾರದಲ್ಲಿ ಸಂಸಾರ ಹೂಡಿದ್ದೆ. ಗಂಡ ಯಶವಂತಪುರದ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಮಾತಾಡಲು ಒಂದು ಜೀವ ಬೇಕಿತ್ತು. ಪಕ್ಕದ ಮನೆಯಲ್ಲಿ ನರ್ಸಮ್ಮ ಒಬ್ಬರೇ ಇದ್ದರು. ವಾರವೆಲ್ಲ ಬಿಳಿ ಸೀರೆ ಉಟ್ಟು ಆಸ್ಪತ್ರೆಗೆ, ಭಾನುವಾರ ಬಿಳಿ ಸೀರೆಯಲ್ಲೇ ಚರ್ಚಿಗೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ ಅವರು ಕಚ್ಚಿ ಹಿಡಿದದ್ದು ಒಂದನ್ನು: ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದು. “ಕೊಲೆ ಮಾಡೋಕೆ ಧೈರ್ಯ ಬೇಕು, ಕದಿಯೋಕೆ ಕತ್ತಲು ಬೇಕು. ಇದಕ್ಕೆ ನಲ್ಲಿ ಹತ್ರ ಒಂದು ಬಿಂದಿಗೆ ಇದ್ರೆ ಸಾಕು” ಎನ್ನುತ್ತಿದ್ದರು.

ಆ ಆಜ್ಞೆಯನ್ನು ಅವರು ಕನ್ನಡದ ಒಂದು ಪುಟ್ಟ ಮಾತಿನಲ್ಲಿ ಇಟ್ಟುಕೊಂಡಿದ್ದರು, ‘ಅಂತೆ’. ಕಣ್ಣಾರೆ ಕಂಡಿದ್ದರೆ ‘ಬಂದ’ ಅನ್ನಿ, ಕಿವಿಗೆ ಬಿದ್ದದ್ದಾದರೆ ‘ಬಂದನಂತೆ’ ಅನ್ನಿ. ಲೋಕವೆಲ್ಲ ‘ಅಂತೆಕಂತೆ’ ಎಂದು ಆ ಮಾತನ್ನು ಹಳಿದರೆ ಅವರದು ತಿರುಗಾಮುರುಗಾ: “ಅಂತೆ ಇರೋ ತನಕ ಮಾತಿಗೆ ಮರ್ಯಾದೆ. ಅದು ಬಿದ್ದೋದ ಮೇಲೇ ಅನಾಹುತ.” ನಾನು ನಮ್ಮ ಕಡೆಯ ರೂಢಿಯಲ್ಲಿ ‘ಬಂದಾನಂತ’ ಎಂದರೆ, “ಅಂತವೋ ಅಂತೆಯೋ, ಬಾಲ ಮಾತ್ರ ಬಿಡಬೇಡಮ್ಮ” ಎಂದು ಸೊಟ್ಟ ಬೆರಳು ಎತ್ತುವರು. ನನಗೆ ರೇಗುತ್ತಿತ್ತು. ಹರಟೆ ಹೊಡೆಯಲು ಬಂದರೆ ವ್ಯಾಕರಣದ ಪಾಠ!

ಒಂದು ಬೇಸಿಗೆಯಲ್ಲಿ ಕೊನೆಮನೆಯ ಮಗುವಿಗೆ ಕಾಮಾಲೆಯಾಯಿತು. ವಾರ ತುಂಬುವುದರೊಳಗೆ ವಠಾರ ಕಾರಣ ಕಂಡುಹಿಡಿದಿತ್ತು: ಹಾಲಕ್ಕ ಹಾಲಿಗೆ ಕೆರೆ ನೀರು ಸೇರಿಸುತ್ತಾಳೆ. ಹಾಲಕ್ಕ ಎಂದರೆ ಅಲ್ಲಾಳಸಂದ್ರದಿಂದ ಕ್ಯಾನು ಹೊತ್ತು ನಡೆದು ಬಂದು ನಮಗೆಲ್ಲ ಹಾಲು ಹಾಕುತ್ತಿದ್ದವಳು. ಒಂದೊಂದೇ ಬಾಗಿಲು ಅವಳಿಗೆ ಮುಚ್ಚಿತು. ವಠಾರದ ಮಾಲೀಕರು ಅಷ್ಟಕ್ಕೇ ಬಿಡದೆ ಹೆಲ್ತ್ ಇನ್ಸ್‌ಪೆಕ್ಟರಿಗೆ ಹೇಳಿಕಳಿಸಿದರು. ಆ ಸಂಜೆ ನಾನು ನರ್ಸಮ್ಮನವರ ಜಗಲಿಯ ಮೇಲೆ ಕುಳಿತಿದ್ದಾಗ ಮಾಲೀಕರು ಅಲ್ಲಿಗೇ ಬಂದರು.

“ನಾಳೆ ಬೆಳಿಗ್ಗೆ ಇನ್ಸ್‌ಪೆಕ್ಟರ್ ಬರ್ತಾರೆ. ಅವಳು ಕೆರೆ ನೀರು ಸೇರಿಸ್ತಾಳೆ ಅಂತ ನೀವೊಂದು ಮಾತು ಹೇಳ್ಬಿಡಿ. ನರ್ಸ್ ಹೇಳಿದ್ರೆ ತೂಕ ಇರುತ್ತೆ.”

“ಸೇರ್ಸಿದ್ದು ನೀವು ನೋಡಿದ್ರಾ?”

“ನಾನ್ಯಾಕ್ರೀ ನೋಡ್ಲಿ? ಊರಿಗೇ ಗೊತ್ತು.”

“ಹಾಗಾದ್ರೆ ಅಂತೆ ಎಲ್ಲೋ ಬಿದ್ದೋಗಿದೆ. ಹುಡುಕ್ತೀನಿ ಇರಿ” ಎಂದು ನರ್ಸಮ್ಮ ಚಪ್ಪಲಿ ಮೆಟ್ಟಿದರು. ನನ್ನನ್ನೂ ಎಬ್ಬಿಸಿದರು.

ಮಾಲೀಕರಿಗೆ ಹೇಳಿದವರು ಮೇಷ್ಟ್ರ ಹೆಂಡತಿ. ಅವರಿಗೆ ಹೇಳಿದ್ದು ದರ್ಜಿಯ ತಾಯಿ. ಆ ಮುದುಕಿ ಎದೆ ತಟ್ಟಿಕೊಂಡಳು: “ನಾನು ‘ಸೇರುಸ್ತಾಳಂತೆ’ ಅಂದೆ ಕಣವ್ವ! ಅಂತೆ ಬುಟ್ಟಿಲ್ಲ!” ಅಲ್ಲಿಗೆ ಅಂತೆ ಬಿದ್ದದ್ದು ಮೇಷ್ಟ್ರ ಹೆಂಡತಿಯ ಮನೆಯಲ್ಲಿ. ಆಕೆಯನ್ನು ಕಂಡರೆ ನನಗೆ ಮೊದಲೇ ಆಗುತ್ತಿರಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು. “ಸಿಕ್ತಲ್ರೀ, ನಡೀರಿ ಮನೀಗೆ” ಎಂದೆ.

“ಅಂತೆ ಸಿಕ್ತು. ಮಾತು ಹುಟ್ಟಿದ್ದೆಲ್ಲಿ ಅಂತ ಸಿಕ್ಕಿಲ್ವಲ್ಲ” ಎಂದು ನರ್ಸಮ್ಮ ಮುದುಕಿಯತ್ತ ತಿರುಗಿದರು. “ನಿಮಗೆ ಯಾರಮ್ಮ ಹೇಳಿದ್ದು?”

ಮುದುಕಿ ಅವರನ್ನೇ ನೋಡಿದಳು. “ಇದೇನವ್ವ ಇಂಗ್ ಕೇಳ್ತೀಯ? ನೀನೇ ಅಲ್ವಾ, ನಲ್ಲಿ ತಾವ ಯೋಳಿದ್ದು!”

ನಿಜ. ಮಗುವಿಗೆ ಕಾಮಾಲೆ ಎಂದು ತಿಳಿದ ದಿನ ನಲ್ಲಿಯ ಹತ್ತಿರ ನರ್ಸಮ್ಮ, “ಹಾಲಿಗೆ ಕೆರೆ ನೀರು ಗೀರು ಸೇರಿದ್ರೂ ಕಾಮಾಲೆ ಬರಬಹುದು, ಚೆನ್ನಾಗಿ ಕಾಯ್ಸಿ ಕುಡೀರಿ” ಎಂದಿದ್ದರು. ನನ್ನ ಬಿಂದಿಗೆಯೂ ಅದೇ ಸಾಲಿನಲ್ಲಿತ್ತು.

ಅವರು ಹೊಸಿಲ ಮೇಲೆ ಕುಸಿದು ಕುಳಿತರು. ನಾನೂ ಪಕ್ಕದಲ್ಲಿ ಕುಳಿತು, “ನೀವು ಛಲೋದಕ್ಕೇ ಹೇಳಿದ್ರಿ. ಯಾರೂ ನಿಮ್ಮನ್ನ ಕೇಳೂದಿಲ್ಲ ಬಿಡ್ರಿ” ಎಂದೆ.

“ಕೇಳಲ್ಲ. ಅದಕ್ಕೇ ನಾನೇ ಹೇಳ್ಬೇಕು” ಎಂದು ಎದ್ದರು.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರು ಬರುವ ಹೊತ್ತಿಗೆ ನಲ್ಲಿಯ ಸುತ್ತ ಇಡೀ ವಠಾರ ನೆರೆದಿತ್ತು. ಮಾಲೀಕರು ಕರೆಸಿದ್ದ ಹಾಲಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನರ್ಸಮ್ಮ ಅವತ್ತು ಬೆರಳು ಎತ್ತಲಿಲ್ಲ. ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು.

“ಸಾಕ್ಷಿ ಬರ್ಕೊಳ್ಳಿ ಸಾರ್. ಕೆರೆ ನೀರಿನ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ‘ಸೇರಿದ್ರೂ’ ಅಂದಿದ್ದೆ. ಇವಳು ಸೇರ್ಸಿದ್ದು ನಾನು ನೋಡಿಲ್ಲ. ನೋಡಿರೋರು ಯಾರಾದ್ರೂ ಇದ್ರೆ ಮುಂದೆ ಬನ್ನಿ.”

ಯಾರೂ ಬರಲಿಲ್ಲ. ಇನ್ಸ್‌ಪೆಕ್ಟರು ಹಾಲಿನದೊಂದು, ನಲ್ಲಿಯದೊಂದು ಶೀಷೆ ತುಂಬಿಸಿಕೊಂಡು ಹೋದರು. ಹಾಲಿನಲ್ಲಿ ಏನೂ ಸಿಗಲಿಲ್ಲವಂತೆ. ಆ ವರದಿಯನ್ನು ನಾನು ಓದಿಲ್ಲ, ಆದ್ದರಿಂದ ‘ಅಂತೆ’.

ಹಾಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಬುಡವ್ವ. ಓದ ಎಸ್ರು ಇಂದಕ್ಕೆ ಬತ್ತದಾ?” ಎಂದಳು.

“ತಾನಾಗೇ ಬರಲ್ಲ. ನಾನೇ ಹೋಗಿ ಕರ್ಕೊಂಡ್ ಬರ್ಬೇಕು. ಕ್ಯಾನ್ ಎತ್ತು.”

ಆ ಬೇಸಿಗೆಯೆಲ್ಲ ಡ್ಯೂಟಿಗೆ ಹೋಗುವ ಮುಂಚೆ ನರ್ಸಮ್ಮ ಹಾಲಕ್ಕನ ಜೊತೆ ಬಾಗಿಲು ಬಾಗಿಲಿಗೂ ನಡೆದರು. “ತಪ್ಪು ನಂದು, ಹಾಲು ತಗೊಳ್ಳಿ” ಎನ್ನುವರು. ಕೆಲವರು ಪಾತ್ರೆ ತಂದರು, ಕೆಲವರು ತರಲಿಲ್ಲ. ಮೇಷ್ಟ್ರ ಹೆಂಡತಿಯಂತೂ ಕೊನೆಯವರೆಗೂ ಬಾಗಿಲು ತೆರೆಯಲಿಲ್ಲ. ಆ ಮುಚ್ಚಿದ ಬಾಗಿಲಿನ ಮುಂದೆಯೂ ನರ್ಸಮ್ಮ ದಿನಾ ನಿಂತು, ಅಷ್ಟನ್ನೂ ಹೇಳಿಯೇ ಮುಂದಕ್ಕೆ ಹೋಗುತ್ತಿದ್ದರು. ಅಂಥ ಹಟ ನಾನು ಮತ್ತೆಲ್ಲೂ ಕಂಡಿಲ್ಲ.

ಮುಂದೆ ನಾವು ಯಶವಂತಪುರಕ್ಕೆ ಮನೆ ಬದಲಿಸಿದೆವು. ಅವರು ನಿವೃತ್ತರಾಗಿ ಯಲಹಂಕದ ತಂಗಿಯ ಮನೆ ಸೇರಿದರು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಮಧ್ಯಾಹ್ನ, ಹಳೆಯ ವಠಾರದವರೊಬ್ಬರು ದಾರಿಯಲ್ಲಿ ಸಿಕ್ಕಿ, “ನಿಮ್ ನರ್ಸಮ್ಮ ತೀರ್ಕೊಂಡ್ರಂತೆ ಕಣ್ರೀ” ಎಂದರು. ನಾನು ಅಳಲಿಲ್ಲ. ಅಂತೆ ಇದೆಯಲ್ಲ, ಎಂದುಕೊಂಡು ಯಲಹಂಕದ ಬಸ್ಸು ಹತ್ತಿದೆ. ಹೆಬ್ಬಾಳ ದಾಟಿದರೂ ಆ ಅಂತೆಯನ್ನೇ ಗಟ್ಟಿಯಾಗಿ ಹಿಡಿದು ಕುಳಿತಿದ್ದೆ.

ಬಿಳಿ ಸೀರೆಯಲ್ಲೇ ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು, ಆ ಒಂದು ಬೆರಳು ಮಾತ್ರ ಜೋಡಣೆಗೆ ಬಗ್ಗದೆ ಪಕ್ಕಕ್ಕೆ ಚಾಚಿಕೊಂಡಿತ್ತು. ತಲೆಯ ಹತ್ತಿರ ಹಾಲಕ್ಕ ಕುಳಿತಿದ್ದಳು.

ಸಂಜೆ ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕೇಳಿದರು, “ಏನಿದು, ನರ್ಸಮ್ಮ ಹೋದರಂತ?”

“ಹೋದರು” ಎಂದೆ.