ಜೋಳದ ಚೀಲದೊಳಗಿನ ಕೆಂಪು ಬಾಳೆ

ನಾನು ಚಿತ್ರ ಬರೆಯಲೆಂದು ಕೇಳಿದ್ದ ಬಾಳೆಕಾಯಿಯ ಚಿಪ್ಪನ್ನು ಅಕ್ಕ ಜೋಳದ ಚೀಲದೊಳಗೆ ಹುಗಿದಿಟ್ಟಿದ್ದಳು. ಪ್ರೀತಿಯಿಂದ.

"ಹಸಿ ಕಾಯಿ ಹ್ಯಾಂಗ ಕೊಡ್ಲಿ ನಿನಗ? ನೋಡಿದ ಮಂದಿ ಏನಂದಾರು? ಜ್ವಾಳದಾಗ ಇಟ್ಟಿದ್ದೆ, ಚಂದ ಹಣ್ಣಾಗ್ಯಾವ. ತಿನ್ನು."

"ಅಕ್ಕಾ, ನಾ ತಿನ್ಲಕ್ಕ ಕೇಳಿದ್ದಿಲ್ಲ. ಚಿತ್ರ ತೆಗೀಲಕ್ಕ ಕೇಳಿದ್ದೆ."

"ಹಣ್ಣಿಂದೇ ತೆಗಿಯವ್ವ. ಕಾಯಿ ಚಿತ್ರ ಯಾರರೆ ತೆಗೀತಾರೇನ?"

ಇದು ಜಗಳ ಆಡುವ ವಿಷಯವೇ? ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತು. ತಿಂದಿದ್ದೀರಿ. ಗಿಡದಲ್ಲಿ ನೋಡಿದ್ದೀರಾ? ಕಾಯಿಗೆ ಬದನೆಕಾಯಿಯ ನೆರಳು ಬಿದ್ದಂಥ ಕಪ್ಪುಗೆಂಪು. ತುದಿಯಲ್ಲಿ ಒಂಚೂರು ಹಸಿರು. ಹಣ್ಣಾಗುತ್ತಿದ್ದಂತೆ ಅದೆಲ್ಲ ಹೋಗಿ ಕಿತ್ತಳೆ ಬೆರೆತ ತಿಳಿಗೆಂಪು ಬರುತ್ತದೆ. ನನಗೆ ಬೇಕಿದ್ದದ್ದು ಕಾಯಿಯ ಬಣ್ಣ. ಅಕ್ಕ ಮದುವೆಯಾಗಿ ಕಮಲಾಪುರಕ್ಕೆ ಹೋದಾಗ ಹಚ್ಚಿದ ಗಿಡದ ಮರಿ, ಆ ಮರಿಯ ಮರಿ ಅವರ ಹೊಲದಲ್ಲಿದ್ದವು. ನಾನು ಹೋಗುವ ಹಿಂದಿನ ದಿನವೇ ಮಾಮಾ (ಅಕ್ಕನ ಗಂಡ) ಅವನ್ನೆಲ್ಲ ಜೆಸಿಬಿ ಹಚ್ಚಿ ಕೀಳಿಸಿದ್ದರು. ಕೆಂಪು ಬಾಳೆ ಗೊನೆ ಬಿಡಲು ಬಹಳ ಕಾಯಿಸುತ್ತದೆ, ರೋಗ ಬೇರೆ. ಬೇಗ ಗೊನೆ ಬಿಡುವ ಬೇರೆ ಬಾಳೆಯ ಟಿಶ್ಯೂ ಕಲ್ಚರ್ ಸಸಿ ಆಗಲೇ ಬಂದಿಳಿದಿದ್ದವು. ಮಾಮಾನನ್ನು ಬೈಯಬೇಡಿ. ನಾನೂ ಬೈಯಲಿಲ್ಲ.

ಅಕ್ಕನೂ ಬೈದಿರಲಿಲ್ಲ. ಗಿಡ ಕೀಳಿಸುವುದು ಗೊತ್ತಾದಾಗಲೇ ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿದ್ದಳು. "ನೀ ಅದೇನೋ ಕ್ಲಾಸಿಗಿ ಹೋಗ್ತಿಯಲ್ಲ, ನಮ್ಮ ಗಿಡದ್ದು ಒಂದು ಚಿತ್ರ ಮಾಡಿ ಕೊಡು. ಇದ್ದಂಗೇ ಮಾಡು ಮತ್ತ. ಗ್ವಾಡಿಗಿ ಹಾಕ್ತೀನಿ."

ಕ್ಲಾಸು ಎಂದರೆ ನಮ್ಮ ಕಲಬುರಗಿಯ ಗಾಜಿಪುರದಲ್ಲಿ ಒಬ್ಬ ಟೀಚರ ಮನೆಯ ಮೇಲಿನ ಕೋಣೆ. ಭಾನುವಾರ ಬೆಳಿಗ್ಗೆ ಜಲವರ್ಣದಲ್ಲಿ ಗಿಡ, ಎಲೆ, ಹಣ್ಣು. ಟೀಚರ ಕಾನೂನು ಒಂದೇ: "ಗೊತ್ತಿದ್ದದ್ದು ತೆಗೀಬ್ಯಾಡ್ರಿ. ಕಣ್ಣಿಗಿ ಕಂಡದ್ದಷ್ಟೇ ತೆಗೀರಿ." ಕಪ್ಪು ಬಣ್ಣದ ಟ್ಯೂಬು ಮುಟ್ಟುವಂತಿಲ್ಲ, ಕೆಂಪಿಗೆ ಹಸಿರು ಬೆರೆಸಿಯೇ ಕಪ್ಪು ತರಬೇಕು. ಕಾಯಿಯ ಮೇಲಿನ ಹೊಳಪಿಗೆ ಬಿಳಿ ಬಳಿಯಬಾರದು, ಕಾಗದವನ್ನೇ ಖಾಲಿ ಬಿಡಬೇಕು. ಮೊದಲು ಬರೀ ನೀರು ಹಚ್ಚಿ, ಅದು ಹಸಿಯಿರುವಾಗಲೇ ಬಣ್ಣ ಬಿಡಬೇಕು, ತಾನೇ ಹರಡುತ್ತದೆ. (ಯಾವ ಊರಿನಲ್ಲಿ? ಕಲಬುರಗಿಯ ಏಪ್ರಿಲ್‌ನಲ್ಲಿ ಬ್ರಷ್ ಬಣ್ಣದಲ್ಲಿ ಅದ್ದಿ ತರುವಷ್ಟರಲ್ಲಿ ಕಾಗದ ಹಪ್ಪಳ. ಕೂಲರ್ ಹಚ್ಚಿದರೆ ಕಾಗದವೇ ಹಾರುತ್ತದೆ.)

ಈಗ ಕಣ್ಣಿಗೆ ಕಾಣುವ ಕಾಯಿಯೇ ಇಲ್ಲ. ಬೇರೆಯವರ ಹೊಲದಲ್ಲಿ ಇದ್ದಾವು, ಆದರೆ ಅಕ್ಕ ಕೇಳಿದ್ದು ಅವಳ ಗಿಡದ್ದು. ಏನು ಬರೆಯಲಿ? ನೆನಪಿನಿಂದ ಬರೆದೆ.

ನನ್ನ ನೆನಪಿನ ಮೇಲೆ ನನಗೆ ಮೊದಲೇ ಭರವಸೆ ಕಡಿಮೆ. ಬೆಳಿಗ್ಗೆ ಬೆರೆಸಿದ ಬಣ್ಣ ಇಟ್ಟಿಗೆಯಂತೆ ಕಂಡಿತು, ಮಧ್ಯಾಹ್ನದ್ದು ರಕ್ತದಂತೆ. ಫೋಟೊ ಇರಲಿಲ್ಲವೇ ಎನ್ನುತ್ತೀರಿ. ಇದ್ದವು. ನನ್ನ ಫೋನಿನಲ್ಲಿ ಗಿಡ ಕುಂಕುಮ, ಮಾಮಾನ ಫೋನಿನಲ್ಲಿ ಬೆಲ್ಲ. ಮೇಲಾಗಿ ಜಲವರ್ಣ ಒಣಗಿದ ಮೇಲೆ ಒಂದು ಮೆಟ್ಟಿಲು ಪೇಲವವಾಗುತ್ತದೆ. ಹಾಳೆ ಮೇಲೆ ಹಾಳೆ ಕೆಟ್ಟವು. ಕೊನೆಗೆ ಒಂದು ಚಿತ್ರ ನೋಡಲು ಪರವಾಗಿಲ್ಲ ಅನಿಸಿತು. ಚಂದದ ತಿಳಿಗೆಂಪು. ಚೀಲದಿಂದ ತೆಗೆದ ಆ ಹಣ್ಣಿನದೇ ಬಣ್ಣ! ಕೊನೆಗೆ ನೋಡಿದ್ದು ಮೊದಲು ನೋಡಿದ್ದನ್ನು ಅಳಿಸಿ ಕೂತಿತ್ತು. ಅದು ಗೊತ್ತಿದ್ದೂ ಕೊಟ್ಟೆ. ಸಾಕಾಗಿ ಹೋಗಿತ್ತು.

ಅಕ್ಕ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. "ಇಷ್ಟು ಕೆಂಪಿದ್ದಿಲ್ಲ ಅಲ್ಲೇನ? ಜರಾ ಕಪ್ಪಿತ್ತು ನೋಡು."

ನನ್ನ ಎದೆ ಹಗುರಾಯಿತು. ಒಬ್ಬಳಾದರೂ ಸಾಕ್ಷಿ ಇದ್ದಾಳಲ್ಲ! ಮಾಮಾ ಹಿಂದಿನಿಂದ ನಕ್ಕರು. "ಇರ್ಲಿ ತಗೋ, ಗಿಡಕ್ಕೂ ಪೌಡರ್ ಹಚ್ಚ್ಯಾಳ ನಿನ್ನ ತಂಗಿ." ಅಕ್ಕನೂ ನಕ್ಕಳು. ಚಿತ್ರಕ್ಕೆ ಗಾಜು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದಳು.

ಹೋದ ವಾರ ಮತ್ತೆ ಕಮಲಾಪುರಕ್ಕೆ ಹೋಗಿದ್ದೆ, ಅಕ್ಕನನ್ನು ಕೇಳಿ ಕೇಳಿ ಆ ಕಪ್ಪು ತರೋಣವೆಂದು ಬಣ್ಣದ ಡಬ್ಬಿ ಹಿಡಿದುಕೊಂಡೇ. ಪಕ್ಕದ ಮನೆಯಾಕೆ ಚಿತ್ರ ನೋಡುತ್ತ ನಿಂತಿದ್ದರು. ಅಕ್ಕ ಹೇಳುತ್ತಿದ್ದಳು, "ನಮ್ಮ ಹೊಲದಾಗ ಥೇಟ್ ಹಿಂಗೇ ಇತ್ತು ನೋಡ್ರಿ, ಇದೇ ಬಣ್ಣ."

ನನಗೆ ದಿಗಿಲಾಯಿತು. "ಅಕ್ಕಾ, ಕಪ್ಪಿತ್ತಂತ ನೀನೇ ಅಂದಿದ್ದಿ. ಗಾಜು ತೆಗಿ, ಸರಿ ಮಾಡ್ತೀನಿ."

"ನಾ ಯಾವಾಗ ಅಂದೆ?" ಖರೇ ಸಿಟ್ಟು ಬಂದಿತ್ತು ಅವಳಿಗೆ. ಚಿತ್ರಕ್ಕೆ ಅಡ್ಡ ನಿಂತಳು. "ಚಂದ ಆದದ್ದು ಕೆಡಸಬ್ಯಾಡ. ದಿನಾ ನೀರ್ ಬಿಟ್ಟಾಕಿ ನಾ. ನನಗ ಗೊತ್ತಿಲ್ಲೇನ ನಮ್ಮ ಗಿಡ ಹ್ಯಾಂಗಿತ್ತಂತ?"

ಡಬ್ಬಿ ತೆರೆಯದೆ ಬಸ್ಸು ಹತ್ತಿದೆ.

ನೀರು ಬಿಟ್ಟವಳ ಕಣ್ಣಿನಿಂದಲೂ ಹೋದ ಬಣ್ಣವನ್ನು ಇನ್ನು ಯಾರನ್ನು ಕೇಳಿ ಬೆರೆಸಲಿ?